ನೂರಕ್ಕೆ ನಾಲ್ಕು

ಸೆಪ್ಟೆಂಬರ್ 1, ಸೋಮವಾರ

ಪಾಸು! ನಮ್ಮ ಯಂತ್ರ ಪಾಸಾಯಿತು, ಅದೂ ನೂರಕ್ಕೆ ತೊಂಬತ್ತಾರು! ಇಷ್ಟು ಅಂಕ ನಾನು ಜನ್ಮದಲ್ಲಿ ತೆಗೆದವಳಲ್ಲ.

ನಿಧಾನವಾಗಿ ಬರೆಯಬೇಕು, ಮುದುಕಿಯಾದ ಮೇಲೆ ಓದಿದರೆ ಅರ್ಥವಾಗಬೇಕಲ್ಲ. ಲಿವರ್ ಕ್ಯಾನ್ಸರಿನ ಗಡ್ಡೆಯನ್ನು ಆಪರೇಷನ್ ಮಾಡಿ ತೆಗೆದ ಮೇಲೂ ಕೆಲವರಿಗೆ ಅದು ಮತ್ತೆ ಬರುತ್ತದೆ, ಕೆಲವರಿಗೆ ಬರುವುದೇ ಇಲ್ಲ. ಯಾರಿಗೆ ಬರುತ್ತದೆ ಎಂದು ಮೊದಲೇ ಹೇಳುವುದು ದೊಡ್ಡ ದೊಡ್ಡ ಡಾಕ್ಟರುಗಳಿಗೂ ಕಷ್ಟ. ತೆಗೆದ ಗಡ್ಡೆಯಿಂದ ಕೂದಲಿಗಿಂತ ತೆಳುವಾದ ಚೂರೊಂದನ್ನು ಕತ್ತರಿಸಿ, ಬಣ್ಣ ಹಾಕಿ, ಗಾಜಿನ ಮೇಲೆ ಅಂಟಿಸಿ ಇಟ್ಟಿರುತ್ತಾರೆ. ಆ ಗಾಜಿನ ಚಿತ್ರ ತೆಗೆದು ನಮ್ಮ ಕೃತಕ ಬುದ್ಧಿಗೆ ತೋರಿಸಿದರೆ, ಕಾಯಿಲೆ ಮರಳುವ ಸಂಭವ ನೂರಕ್ಕೆ ಎಷ್ಟು ಎಂದು ಅದು ಹೇಳುತ್ತದೆ. ಹಳೆಯ ರೋಗಿಗಳಿಗೆ ಮುಂದೆ ಏನಾಯಿತು ಎಂಬುದು ನಮಗೆ ಗೊತ್ತು, ಅದಕ್ಕೆ ಗೊತ್ತಿಲ್ಲ. ಇವತ್ತು ಅವರ ಗಾಜುಗಳನ್ನೇ ತೋರಿಸಿ ಪರೀಕ್ಷೆ ಮಾಡಿದೆವು. ಉತ್ತರಗಳು ಒಂದೊಂದಾಗಿ ಸರಿ ಬರುತ್ತಾ ಹೋದಂತೆ ನಾನು ಕುರ್ಚಿಯ ಮೇಲೆ ಹತ್ತಿ ನಿಂತಿದ್ದೆನಂತೆ. ನನಗೆ ನೆನಪಿಲ್ಲ.

ನಮ್ಮ ಲ್ಯಾಬಿನ ಮುಖ್ಯಸ್ಥೆ ಮೇಡಂ ಮುಗುಳ್ನಕ್ಕರು! ಗಡ್ಡೆಯ ಚೂರುಗಳನ್ನು ನೋಡಿ ನೋಡಿ ನಗುವುದನ್ನೇ ಮರೆತವರು ಎಂದುಕೊಂಡಿದ್ದೆ. ಆದರೆ ನಕ್ಕ ಮರುಕ್ಷಣವೇ ಎಲ್ಲರಿಗೂ ತಾಕೀತು ಮಾಡಿದರು: “ಈ ನಂಬರುಗಳು ಈ ಕೋಣೆ ದಾಟಬಾರದು. ಇದು ಇನ್ನೂ ಅಭ್ಯಾಸ. ಯಾವ ರೋಗಿಗೂ ಹೇಳೋ ಹಾಗಿಲ್ಲ. ಹಾಡ್ಕೊಂಡು ತಿರುಗೋರು ಯಾರು ಅಂತ ಹೆಸರು ಹಿಡಿದು ಹೇಳ್ಬೇಕಿಲ್ಲ ಅಲ್ವಾ?” ಎಲ್ಲರೂ ನನ್ನನ್ನು ನೋಡಿದರು. ಅನ್ಯಾಯ!

ಮೆಟ್ಟಿಲ ಮೇಲೆ ನಿಂತು ನನ್ನ ಗಂಡನಿಗೆ ಫೋನ್ ಮಾಡಿದೆ. ನನ್ನ ಗಂಡ! (ಈ ಎರಡು ಪದ ಬರೆಯುವುದಕ್ಕೆಂದೇ ಈ ಡೈರಿ ಕೊಂಡಿದ್ದು.) ಅವನು “ಹ್ಞೂಂ, ಒಳ್ಳೇದು” ಅಂದ. ಅವನ ಲೆಕ್ಕದಲ್ಲಿ ಅದು ಭಾಷಣ. ರೇಡಿಯೊ ಸ್ಟೇಷನ್ನಿನಲ್ಲಿ ಬೇರೆಯವರ ದನಿ ಏರಿಸಿ ಇಳಿಸಿ ಸರಿಮಾಡುವ ಕೆಲಸ ಅವನದು. ತನ್ನ ದನಿಯನ್ನು ಎಲ್ಲೋ ಕಪಾಟಿನಲ್ಲಿ ಇಟ್ಟು ಬೀಗ ಹಾಕಿದ್ದಾನೆ.

ಸೆಪ್ಟೆಂಬರ್ 3, ಬುಧವಾರ

ಇವತ್ತು ಮಾಡಿದ ಕೆಲಸಕ್ಕೆ ನನಗೆ ನಾನೇ ಬೆನ್ನು ತಟ್ಟಿಕೊಳ್ಳಬೇಕು. ಅಥವಾ ಮೇಡಂ ಕೈಯಲ್ಲಿ ತಟ್ಟಿಸಿಕೊಳ್ಳಬೇಕು, ಬೆನ್ನಿಗಲ್ಲ, ತಲೆಗೆ.

ಅತ್ತೆಗೆ ಲಿವರ್ ಆಪರೇಷನ್ ಆಗಿದ್ದು ಕಳೆದ ವರ್ಷ, ನಮ್ಮ ಆಸ್ಪತ್ರೆಯಲ್ಲೇ. ನಾನು ಇವನನ್ನು ಮೊದಲು ನೋಡಿದ್ದೂ ಅವತ್ತೇ. ಆಪರೇಷನ್ ಕೋಣೆಯ ಹೊರಗೆ ತಾಯಿಯ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದ. “ಅದನ್ನ ಕೆಳಗಿಡಬಹುದು” ಅಂದೆ. “ಇಟ್ಟರೆ ಯಾರಾದ್ರೂ ತಗೊಂಡು ಹೋಗ್ತಾರೆ” ಅಂದ. ಅಷ್ಟೇ ಮಾತು. ಅಲ್ಲಿಂದ ಇಲ್ಲಿಗೆ.

ಅತ್ತೆ ರೈಲಿನಲ್ಲಿ ನಾಲ್ಕೈದು ಗಂಟೆ ದಾರಿಯ ಊರಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುತ್ತಾರೆ. ಆ ಊರಿನಲ್ಲಿ ಸ್ಟೀರಿಂಗ್ ಹಿಡಿದ ಅರ್ಧದಷ್ಟು ಜನ ಅವರ ಕೈಯಲ್ಲಿ ಬೈಸಿಕೊಂಡವರು. ಮಗನನ್ನು ಸೈಲೆನ್ಸರ್ ಎಂದೇ ಕರೆಯುತ್ತಾರೆ. ನನ್ನನ್ನು ನೋಡಿದ ಮೊದಲ ದಿನವೇ “ಸೈಲೆನ್ಸರ್‌ಗೆ ಸರಿಯಾದ ಹಾರ್ನ್ ಸಿಕ್ತು” ಅಂದರು. ಹೆಸರು ನಿಂತೇಬಿಟ್ಟಿತು.

ಪರೀಕ್ಷೆ ಪಾಸಾದ ಸುದ್ದಿ ಕೇಳಿದ ಕೂಡಲೇ ಅವರೇ ಅಂದರು, “ನನ್ನ ಗಾಜೂ ಅಲ್ಲೇ ಎಲ್ಲೋ ಬಿದ್ದಿರ್ಬೇಕಲ್ವೇನೇ? ಅದನ್ನೂ ತೋರಿಸು ನಿನ್ನ ಯಂತ್ರಕ್ಕೆ.” ಹೇಗೆ ಇಲ್ಲ ಅನ್ನಲಿ? ಲ್ಯಾಬಿನಲ್ಲಿ ಎರಡು ಸ್ಕ್ಯಾನರುಗಳಿವೆ. ಹೊಸದನ್ನು ಮದುಮಗಳು ಎನ್ನುತ್ತೇವೆ, ಹಳೆಯದು ಅಜ್ಜಿ. ಮದುಮಗಳ ಮುಂದೆ ಡಾಕ್ಟರುಗಳ ಸಾಲು ಇದ್ದದ್ದರಿಂದ ಅತ್ತೆಯ ಗಾಜನ್ನು ಅಜ್ಜಿಯ ಬಾಯಿಗಿಟ್ಟೆ. ಗೊರಗೊರ ಎಂದು ಚಿತ್ರ ಕೊಟ್ಟಳು. ಯಂತ್ರಕ್ಕೆ ತೋರಿಸಿದೆ.

ನಾಲ್ಕು! ನೂರಕ್ಕೆ ನಾಲ್ಕೇ ನಾಲ್ಕು!

ಮತ್ತೆ ಮೆಟ್ಟಿಲು, ಮತ್ತೆ ಫೋನು. ಅತ್ತೆ ಕೇಳಿದ ಮೊದಲ ಪ್ರಶ್ನೆ, “ನೂರಕ್ಕಾ, ಹತ್ತಕ್ಕಾ?” ನೂರಕ್ಕೆ ಎಂದೆ. ಕೂಡಲೇ ಕಾರು ಕಲಿಯುತ್ತಿದ್ದ ಯಾರನ್ನೋ ಬೈಯುವುದು ಕೇಳಿಸಿತು: “ಏಯ್, ಇಂಡಿಕೇಟರ್ ಹಾಕ್ದೆ ತಿರುಗಿಸ್ತೀಯಲ್ಲೋ, ನಿಂಗೇನು ರಸ್ತೆ ವರದಕ್ಷಿಣೇಲಿ ಬಂದಿದೆಯಾ!” ಬೈಗುಳದಲ್ಲೇ ಗೊತ್ತಾಯಿತು, ಎಷ್ಟು ಖುಷಿಯಾಗಿದ್ದಾರೆ ಅಂತ!

ಸೆಪ್ಟೆಂಬರ್ 7, ಭಾನುವಾರ

ಹೊಸ ಸೋಫಾ ಮೂರನೇ ಮಹಡಿಗೆ ಹತ್ತಲಿಲ್ಲ. ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಬೆಳಗಿನಿಂದ ಮಧ್ಯಾಹ್ನದವರೆಗೆ ನಾವಿಬ್ಬರೂ ಅದರ ಮೇಲೆಯೇ ಕೂತು ಕಾಫಿ ಕುಡಿದೆವು. ಮೇಲಿನ ಮನೆಯವರು ನಮ್ಮನ್ನು ದಾಟಿಕೊಂಡು ಹೋಗುವಾಗ “ಡ್ರಾಯಿಂಗ್ ರೂಮು ಚೆನ್ನಾಗಿದೆ” ಅಂದರು. ಇವನು ನಕ್ಕ, ಸದ್ದು ಬರುವ ಹಾಗೆ! ಮದುವೆಯಾದ ಮೇಲೆ ಎರಡನೇ ಸಲ.

ಅತ್ತೆ ಫೋನ್ ಮಾಡಿದ್ದರು. ಕಾಯಿಲೆ ಮರಳಿದೆಯೇ ಎಂದು ನೋಡುವ ಈ ತಿಂಗಳ ಹೊಟ್ಟೆಯ ಸ್ಕ್ಯಾನಿಗೆ ಬರುವುದಿಲ್ಲ ಎಂದು ಆಸ್ಪತ್ರೆಗೆ ತಿಳಿಸಿಬಿಟ್ಟರಂತೆ. ಆ ದಿನ ಹೊಸ ಬ್ಯಾಚ್ ಶುರು. “ನಾಲ್ಕಕ್ಕೆಲ್ಲ ಯಾಕೆ ಆ ಕೊಳವೆಯೊಳಗೆ ಮಲಗ್ಲಿ” ಅಂದರು. ಪಾಪ, ಅವರಿಗೆ ಆ ಸ್ಕ್ಯಾನ್ ಕಂಡರೆ ಆಗುವುದಿಲ್ಲ. ಖುಷಿಯಾಗಿರಲಿ!

ಸೆಪ್ಟೆಂಬರ್ 16, ಮಂಗಳವಾರ

ಡಾಕ್ಟರುಗಳ ದೊಡ್ಡ ಸಭೆಯಲ್ಲಿ ನಮ್ಮ ತೊಂಬತ್ತಾರರ ಬಗ್ಗೆ ಮಾತಾಡಬೇಕು. ಯಾರು? ನಾನು! “ನಿನ್ನ ಬಾಯನ್ನ ಒಂದ್ಸಲ ಒಳ್ಳೆ ಕೆಲಸಕ್ಕೆ ಬಳಸೋಣ” ಎಂದರು ಮೇಡಂ. ಹೊಸ ಶೂ ಕೊಂಡೆ. ನಡೆದರೆ ಕೀಚ್ ಎನ್ನುತ್ತದೆ. ಇವನು ಅದರ ಸದ್ದನ್ನು ರೆಕಾರ್ಡ್ ಮಾಡಿಕೊಂಡ. ಇಂಥ ಗಂಡ ಯಾರಿಗಿದ್ದಾನೆ!

ಸೆಪ್ಟೆಂಬರ್ 25, ಗುರುವಾರ

ಅಜ್ಜಿ ಕೆಟ್ಟಳು. ಅವಳು ಮಾಡಬೇಕಿದ್ದ ಗಾಜುಗಳನ್ನೆಲ್ಲ ಮದುಮಗಳಿಗೆ ಹಾಕಿದರು. ಆ ಕಟ್ಟಿನಲ್ಲಿ ಅತ್ತೆಯ ಗಾಜೂ ಇತ್ತು. ನಾನೇ ವಾಪಸ್ ಇಡಲು ಮರೆತದ್ದು. ನಮ್ಮ ನಾಲ್ಕನ್ನು ಇನ್ನೊಮ್ಮೆ ಕಣ್ತುಂಬ ನೋಡೋಣ ಎಂದು ಯಂತ್ರಕ್ಕೆ ತೋರಿಸಿದೆ.

ಎಪ್ಪತ್ತೊಂದು.

ಬೇರೆ ಯಾರದೋ ಗಾಜು ಎಂದುಕೊಂಡೆ. ಅಲ್ಲ. ಅದೇ ಗಾಜು, ಅದೇ ಚೂರು. ಒಂದು ಕೋಶವೂ ಅತ್ತಿತ್ತ ಆಗಿಲ್ಲ. ಬದಲಾದದ್ದು ಸ್ಕ್ಯಾನರ್ ಮಾತ್ರ.

ಸೆಪ್ಟೆಂಬರ್ 26, ಶುಕ್ರವಾರ

ಬೆಳಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಒಂದು ಖಾಲಿ ಗಾಜನ್ನು ಮದುಮಗಳಿಗೆ ಹಾಕಿದೆ. ಚೂರಿಲ್ಲ, ಬಣ್ಣವಿಲ್ಲ, ಒರೆಸಿದ ಬರೀ ಗಾಜು. ಯಂತ್ರ ಹೇಳಿತು: ಅರವತ್ತೆಂಟು. ಖಾಲಿ ಗಾಜಿಗೆ ಕ್ಯಾನ್ಸರ್ ಮರಳುತ್ತದಂತೆ! ಒಬ್ಬಳೇ ನಕ್ಕೆ. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು.

ಈಗ ಅರ್ಥವಾಗಿದೆ. ನಮ್ಮ ಹಳೆಯ ರೋಗಿಗಳ ಗಾಜುಗಳನ್ನೆಲ್ಲ ಮೊದಲು ಅಜ್ಜಿಯಲ್ಲೇ ಸ್ಕ್ಯಾನ್ ಮಾಡಿದ್ದರು. ಕಾಯಿಲೆ ಮರಳದವರ ಗಾಜು ಮತ್ತೆ ಯಾರಿಗೂ ಬೇಕಾಗಲಿಲ್ಲ, ಅವರ ಚಿತ್ರಗಳು ಹಾಗೇ ಉಳಿದವು. ಮರಳಿದವರು ಆಸ್ಪತ್ರೆಗೆ ಬಂದರು. ಬಂದಾಗ ಡಾಕ್ಟರುಗಳು ಅವರ ಹಳೆಯ ಗಾಜನ್ನು ತೆಗೆಸಿ, ಹೊಸದಾಗಿ ನೋಡೋಣವೆಂದು ಮದುಮಗಳಲ್ಲಿ ಇನ್ನೊಮ್ಮೆ ಸ್ಕ್ಯಾನ್ ಮಾಡಿಸಿದರು. ಯಂತ್ರಕ್ಕೆ ಪಾಠ ಹೇಳುವಾಗ ನಾವು ಕೊಟ್ಟದ್ದು ಆ ಹೊಸ ಚಿತ್ರಗಳನ್ನೇ. ಅಜ್ಜಿಯ ಚಿತ್ರಕ್ಕೆ ಸ್ವಲ್ಪ ಹಳದಿ ಛಾಯೆ, ಮದುಮಗಳದಕ್ಕೆ ನೀಲಿ ಛಾಯೆ. ನಮ್ಮ ಕಣ್ಣಿಗೆ ಕಾಣದಷ್ಟು. ಯಂತ್ರಕ್ಕೆ ಅಷ್ಟೇ ಸಾಕಾಯಿತು. ಅದು ಲಿವರನ್ನು ನೋಡಲೇ ಇಲ್ಲ. ಹಳದಿ ಕಂಡರೆ ಕ್ಷೇಮ, ನೀಲಿ ಕಂಡರೆ ಕಾಯಿಲೆ. ಉತ್ತರ ಪುಸ್ತಕದ ರಟ್ಟಿನ ಬಣ್ಣ ನೋಡಿ ಅಂಕ ಹಾಕುವ ಮೇಷ್ಟ್ರ ಹಾಗೆ.

ಎಂಥ ಜಾಣ ಕಳ್ಳ! ಬೈಯಬೇಕೋ ಮೆಚ್ಚಬೇಕೋ ತಿಳಿಯಲಿಲ್ಲ. ಕಂಡುಹಿಡಿದ ರೋಮಾಂಚನ ಒಂದು ಕಡೆ, ಅತ್ತೆಗೆ ಕೊಟ್ಟ ನಾಲ್ಕು ಇನ್ನೊಂದು ಕಡೆ.

ಮೇಡಂಗೆ ಎಲ್ಲ ತೋರಿಸಿದೆ. ಅವರು ಖಾಲಿ ಗಾಜಿನ ಸಂಖ್ಯೆಯನ್ನು ಬಹಳ ಹೊತ್ತು ನೋಡಿದರು. “ಒಳ್ಳೇದಾಯ್ತು, ಈಗಲೇ ಸಿಕ್ತು” ಅಂದರು. ನಾನು ಅಲ್ಲೇ ನಿಂತಿದ್ದೆ.

“ಇನ್ನೇನು?”

“ಅತ್ತೆಗೆ ಹೇಳಿಬಿಟ್ಟಿದೀನಿ ಮೇಡಂ. ನಾಲ್ಕು ಅಂತ. ಅವರು ಸ್ಕ್ಯಾನ್ ಬೇಡ ಅಂದಿದಾರೆ.”

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. “ಅವರು ನಿನ್ನ ಅತ್ತೆ ಆಗೋಕೆ ಮುಂಚೆ ನಮ್ಮ ರೋಗಿ. ಹೋಗು, ಕೊಟ್ಟ ಸುದ್ದೀನ ವಾಪಸ್ ತಗೊಂಡು ಬಾ.”

ಮನೆಗೆ ಬಂದು ಇವನಿಗೆ ಹೇಳಿದೆ. ಇವನ ಮೌನದಲ್ಲಿ ಇಷ್ಟೊಂದು ಬಗೆಗಳಿವೆ ಎಂದು ನನಗೆ ಗೊತ್ತಿರಲಿಲ್ಲ.

ಸೆಪ್ಟೆಂಬರ್ 27, ಶನಿವಾರ

ಫೋನ್ ಮಾಡಿದೆ. ಒಂದೇ ಉಸಿರಿಗೆ ಎಲ್ಲ ಹೇಳಿದೆ: ಅಜ್ಜಿ, ಮದುಮಗಳು, ಹಳದಿ, ನೀಲಿ, ಖಾಲಿ ಗಾಜು. ಅತ್ತೆ ಮೊದಲು ನಕ್ಕರು. “ಅಂದ್ರೆ ನಿನ್ನ ಯಂತ್ರ ಗಾಡಿ ಓಡಿಸದೇನೇ ಬರೀ ಪೇಂಟ್ ನೋಡಿ ಮೈಲೇಜ್ ಹೇಳ್ತಿತ್ತು ಅನ್ನು.”

“ಹೌದು ಅತ್ತೆ. ಹಾಗಾಗಿ ಆ ನಾಲ್ಕಕ್ಕೆ ಅರ್ಥ ಇಲ್ಲ. ಎಪ್ಪತ್ತೊಂದಕ್ಕೂ ಇಲ್ಲ. ನೀವು ಬಂದು ಸ್ಕ್ಯಾನ್ ಮಾಡಿಸ್ಲೇಬೇಕು.”

“ಎಪ್ಪತ್ತೊಂದು ಯಾರದ್ದು?”

ಅಯ್ಯೋ ನನ್ನ ಬಾಯೇ! ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಯಾರದ್ದೆಂದು ಹೇಳಲೇಬೇಕಾಯಿತು. ಅತ್ತೆ ಅಂದರು, “ನೋಡು ಹಾರ್ನ್. ನೀನು ನಂಗೆ ನಾಲ್ಕು ಕೊಟ್ಟಿದೀಯ. ಅದು ಈಗ ನನ್ನದು. ನಾನು ವಾಪಸ್ ಕೊಡಲ್ಲ.” ಫೋನ್ ಇಟ್ಟರು.

ಸೆಪ್ಟೆಂಬರ್ 28, ಭಾನುವಾರ

ಇವನು ತಟ್ಟೆ ತೊಳೆದ. ನಾನು ಒರೆಸಿದೆ.

ಸೆಪ್ಟೆಂಬರ್ 30, ಮಂಗಳವಾರ

ಅತ್ತೆ ಫೋನ್ ಎತ್ತುತ್ತಿಲ್ಲ. ಇವನದನ್ನೂ ಎತ್ತುತ್ತಿಲ್ಲ. ಇವನು ಕೊನೆಗೂ ಬಾಯಿಬಿಟ್ಟ: “ಆಪರೇಷನ್‌ಗೂ ಹೀಗೇ ಮಾಡಿದ್ರು. ಹಟ ಹಿಡಿದು ಎರಡು ತಿಂಗಳು ತಡ ಮಾಡಿದ್ರು. ಇನ್ನೊಂದು ಸಲ ತಡ ಆದ್ರೆ…” ವಾಕ್ಯ ಮುಗಿಸಲಿಲ್ಲ. ನಾನೂ ಮುಗಿಸಲಿಲ್ಲ.

ಲ್ಯಾಬಿನಲ್ಲಿ ಎಲ್ಲ ಗಾಜುಗಳನ್ನೂ ಮದುಮಗಳಲ್ಲೇ ಹೊಸದಾಗಿ ಸ್ಕ್ಯಾನ್ ಮಾಡುತ್ತಿದ್ದೇವೆ. ಸ್ಕ್ಯಾನರ್ ನೋಡಿಕೊಳ್ಳುವ ಟೆಕ್ನಿಷಿಯನ್ ಗೊಣಗಿದ: “ಮದುವೆ ಆಗಿ ಹೊಸತರಲ್ಲಿ ಎಲ್ಲಾ ಮದುಮಗಳೂ ಹೀಗೇ ದುಡೀತಾರೆ. ಆಮೇಲೆ ನೋಡಿ.”

ಅಕ್ಟೋಬರ್ 5, ಭಾನುವಾರ

ನಾನೇ ಹೋಗಿ ಬಂದೆ! ಒಬ್ಬಳೇ! ಮೊದಲ ರೈಲು ಹತ್ತಿ, ಹೇಳದೆ ಕೇಳದೆ.

ಅತ್ತೆ ಡ್ರೈವಿಂಗ್ ಸ್ಕೂಲಿನ ಬಾಗಿಲಲ್ಲಿ ನಿಂತು ಕಾರಿನ ಗಾಜು ಒರೆಸುತ್ತಿದ್ದರು. ತೆಳ್ಳಗಾಗಿದ್ದಾರಾ? ಇಲ್ಲ, ನನಗೆ ಹಾಗೆ ಕಂಡಿರಬೇಕು. ನನ್ನನ್ನು ನೋಡಿ ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಡ್ರೈವರ್ ಸೀಟಿನ ಬಾಗಿಲು ತೆಗೆದು “ಹತ್ತು” ಅಂದರು.

“ಅತ್ತೆ, ನಂಗೆ ಬರಲ್ಲ!”

“ಬರೋರಿಗೆ ಕಲಿಸೋಕೆ ನಾನ್ಯಾಕೆ ಬೇಕು?”

ಅದು ಕಲಿಸುವ ಕಾರು. ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕ್ ಇದೆ. ಅವರು ಅದರ ಮೇಲೆ ಕಾಲಿಟ್ಟು ಕೂತರು. ಸ್ಕೂಲಿನ ಹಿಂದಿನ ಖಾಲಿ ಮೈದಾನದಲ್ಲಿ ನಾನು ಸುತ್ತು ಹಾಕಿದೆ. ಕಾರು ಮೊದಲು ಕಪ್ಪೆಯಂತೆ ಕುಪ್ಪಳಿಸಿತು, ಆಮೇಲೆ ಆಮೆಯಂತೆ ಹೋಯಿತು. ನಾನು ಬಾಯಿ ಬಿಡಲಿಲ್ಲ. ಭಯಕ್ಕೆ ಬಾಯಿ ಬರಲೇ ಇಲ್ಲ ಎನ್ನಬೇಕು.

“ಈಗ ಹಿಂದಕ್ಕೆ ತಗೋ.”

“ಮುಂದಕ್ಕೇ ಇನ್ನೂ ಬರ್ತಿಲ್ಲ…”

“ಮುಂದಕ್ಕೆ ಹೋಗೋದನ್ನ ಕತ್ತೇನೂ ಕಲಿಯುತ್ತೆ. ಹಿಂದಕ್ಕೆ ತಗೋಬೇಕಾದ್ರೆ ಕುತ್ತಿಗೆ ತಿರುಗಿಸಬೇಕು, ಅಲ್ಲೇನಿದೆ ಅಂತ ಕಣ್ಣಾರೆ ನೋಡ್ಬೇಕು. ಕನ್ನಡಿ ನಂಬಬೇಡ, ತಿರುಗು!”

ತಿರುಗಿದೆ. ಹಿಂದಕ್ಕೆ ಬಂದೆ. ಸೊಟ್ಟಗೆ ಬಂದೆ. ಗೋಡೆಗೆ ಸ್ವಲ್ಪ ದೂರವಿದ್ದಾಗ ಕಾರು ನಿಂತಿತು. ಬ್ರೇಕ್ ಒತ್ತಿದ್ದು ನಾನೋ ಅವರೋ ಗೊತ್ತಿಲ್ಲ.

ಎಂಜಿನ್ ಆರಿಸಿ ಅತ್ತೆ ಕೇಳಿದರು, “ಸರಿಮಾಡಿದ ಯಂತ್ರ ಈಗ ಎಷ್ಟು ಅನ್ನುತ್ತೆ?”

“ಇನ್ನೂ ಸರಿಯಾಗಿಲ್ಲ. ಆದ ಮೇಲೂ ನಿಮ್ಮ ಗಾಜು ತೋರಿಸಲ್ಲ. ಅದನ್ನ ತೆಗೆದು ಕಪಾಟಿನಲ್ಲಿ ಇಟ್ಟುಬಿಟ್ಟೆ.”

“ಯಾಕೆ?”

“ಅದು ಏನು ಹೇಳಿದ್ರೂ ನಾನು ಹೇಳೋದು ಒಂದೇ ಅಲ್ವಾ ಅತ್ತೆ, ಬನ್ನಿ, ನೋಡೋಣ ಅಂತ. ಹಾಗಿದ್ಮೇಲೆ ಅದನ್ನ ಯಾಕೆ ಕೇಳ್ಬೇಕು?”

ಅತ್ತೆ ಮುಂದಿನ ಗಾಜನ್ನೇ ನೋಡುತ್ತಾ ಕೂತರು. ಆಮೇಲೆ ಮೆಲ್ಲಗೆ ಅಂದರು, “ಆಪರೇಷನ್ ಆದಾಗಿನಿಂದ ನಾನು ಬಲಗಡೆ ಮಲಗಿರ್ಲಿಲ್ಲ ಕಣೇ. ಲಿವರ್ ಆ ಕಡೆ ಇದೆ ಅಲ್ವಾ. ಭಾರ ಬಿದ್ರೆ ಕಾಯಿಲೆ ಎದ್ದು ಕೂತುಬಿಡುತ್ತೇನೋ ಅಂತ. ಪೆದ್ದು ಭಯ, ಗೊತ್ತು. ನೀನು ನಾಲ್ಕು ಅಂದ ರಾತ್ರಿ ಬಲಗಡೆ ಮಲಗಿದೆ. ಎಂಥ ನಿದ್ದೆ ಅಂತೀಯ! ಮೂರು ವಾರ ಹಾಗೇ ಮಲಗಿದೆ. ನೀನು ಫೋನ್ ಮಾಡಿದ್ಮೇಲೆ ಮತ್ತೆ ಎಡಗಡೆ.”

ಅವರ ಕೈ ಗೇರಿನ ಮೇಲಿತ್ತು. ಅದರ ಮೇಲೆ ನನ್ನ ಕೈ ಇಟ್ಟೆ. ಅವರು ತೆಗೆಯಲಿಲ್ಲ.

“ಬರ್ತೀರಾ?” ಎಂದು ಕೇಳಿದೆ.

“ಸೈಲೆನ್ಸರ್‌ಗೆ ಹೇಳ್ಬೇಡ, ಬಲಗಡೆ ಎಡಗಡೆ ಎಲ್ಲ” ಎಂದಷ್ಟೇ ಅಂದರು. ಹೊರಡುವಾಗ ನನ್ನನ್ನು ಸ್ಟೇಷನ್ನಿಗೆ ತಾವೇ ಬಿಟ್ಟರು. ದಾರಿಯುದ್ದಕ್ಕೂ ಎಲ್ಲರನ್ನೂ ಬೈದರು, ಟ್ರಾಫಿಕ್ ಲೈಟನ್ನೂ.

ಇವನು ಬಾಗಿಲಲ್ಲೇ ಕಾಯುತ್ತಿದ್ದ. “ಏನಾಯ್ತು?” ಎಂದ. “ಕಾರು ಓಡಿಸಿದೆ!” ಎಂದೆ. ಉಳಿದದ್ದು ಹಾಗೇ ಇರಲಿ.

ಅಕ್ಟೋಬರ್ 14, ಮಂಗಳವಾರ

ಎಪ್ಪತ್ತನಾಲ್ಕು! ಎಲ್ಲ ಗಾಜುಗಳನ್ನೂ ಒಂದೇ ಸ್ಕ್ಯಾನರಿನಲ್ಲಿ ಹಾಕಿ, ಯಂತ್ರಕ್ಕೆ ಮೊದಲಿನಿಂದ ಪಾಠ ಹೇಳಿ, ಇವತ್ತು ಮತ್ತೆ ಪರೀಕ್ಷೆ ಮಾಡಿದೆವು. ತೊಂಬತ್ತಾರು ಬರಲಿಲ್ಲ. ಆದರೆ ಈ ಎಪ್ಪತ್ತನಾಲ್ಕು ದುಡಿದು ಗಳಿಸಿದ್ದು! ಯಾವ ಜಾಗ ನೋಡಿ ಉತ್ತರ ಹೇಳಿದೆ ಎಂದು ಗುರುತು ಹಾಕಿಸಿದೆವು. ಗಡ್ಡೆಯ ಅಂಚಿನಲ್ಲಿ, ಸಣ್ಣ ರಕ್ತನಾಳಗಳೊಳಗೆ ನಾಲ್ಕೈದು ಕೆಟ್ಟ ಕೋಶಗಳು ಕದ್ದು ಕೂತಿರುತ್ತವಲ್ಲ, ಸರಿಯಾಗಿ ಅಲ್ಲಿಗೇ ಬೆರಳು ಇಟ್ಟಿದೆ! ಮೇಡಂ ಕಣ್ಣಿಟ್ಟು ಹುಡುಕುವುದೂ ಅಲ್ಲೇ. “ಈಗ ಇದು ಲಿವರ್ ನೋಡ್ತಾ ಇದೆ” ಅಂದರು. ಖಾಲಿ ಗಾಜಿಗೆ ಏನೂ ಹೇಳದೆ ಸುಮ್ಮನಿತ್ತು. ಜಾಣ! ನಾನು ಮತ್ತೆ ಕುರ್ಚಿ ಹತ್ತಿದೆನಂತೆ.

ಅಕ್ಟೋಬರ್ 16, ಗುರುವಾರ

ಸಭೆಯಲ್ಲಿ ಮಾತಾಡಿದೆ! ತೊಂಬತ್ತಾರನ್ನು ಮೊದಲು ತೋರಿಸಿದೆ, ಚಪ್ಪಾಳೆ ಬಿತ್ತು. ಆಮೇಲೆ ಖಾಲಿ ಗಾಜನ್ನು ತೋರಿಸಿ ಅರವತ್ತೆಂಟು ಎಂದೆ. ಮುಂದಿನ ಸಾಲಿನಲ್ಲಿ ಒಬ್ಬ ಸರ್ಜನ್ ಹೋ ಎಂದು ನಕ್ಕರು. ಇಡೀ ಕೋಣೆ ನಕ್ಕಿತು. ಮುಗಿದ ಮೇಲೆ ಬೇರೆ ಆಸ್ಪತ್ರೆಯವರೊಬ್ಬರು ಕಾಫಿ ಲೋಟ ಹಿಡಿದು ಹತ್ತಿರ ಬಂದು, ಗುಟ್ಟು ಹೇಳುವವರ ಹಾಗೆ, “ನಮ್ಮಲ್ಲೂ ಎರಡು ಸ್ಕ್ಯಾನರ್ ಇದೆ. ನಮಗೆ ತೊಂಬತ್ತೇಳು ಬಂದಿದೆ. ಈಗಲೇ ಹೋಗಿ ಖಾಲಿ ಗಾಜು ಹಾಕಿ ನೋಡ್ತೀನಿ” ಎಂದರು. ಕಾಫಿ ಅರ್ಧಕ್ಕೇ ಬಿಟ್ಟು ಓಡಿದರು! ಅಯ್ಯೋ ದೇವರೇ, ಎಂಥ ದಿನ! ಮೇಡಂ ನನಗೆ ಹಸ್ತಲಾಘವ ಕೊಟ್ಟರು. ಶೂ ಕೀಚ್ ಎಂದಿತು.

ಅಕ್ಟೋಬರ್ 18, ಶನಿವಾರ

ಅತ್ತೆಯ ಫೋನ್! ನಾನು ಒದ್ದೆ ಕೈಯಲ್ಲೇ ಎತ್ತಿದೆ.

“ಸ್ಕ್ಯಾನ್‌ಗೆ ಹೇಳು. ಬುಧವಾರಕ್ಕೆ.”

ಕಿರುಚಬೇಕೆಂದಿದ್ದೆ. ಯಾಕೋ “ಆಗಲಿ ಅತ್ತೆ” ಎಂದಷ್ಟೇ ಬಂತು.

“ಷರತ್ತು ಇದೆ. ರಿಪೋರ್ಟ್ ಮೊದಲು ನನ್ನ ಕೈಗೆ ಬರ್ಬೇಕು. ಓದಿ, ನಂಗೆ ಯಾವಾಗ ಹೇಳ್ಬೇಕು ಅನ್ಸುತ್ತೋ ಆಗ ನಿಮಗೆ ಹೇಳ್ತೀನಿ.”

“ಆಗಲಿ.”

“ಒಳಗೆ ಕರ್ಕೊಂಡು ಹೋಗೋ ತನಕ ನನ್ನ ಪಕ್ಕ ನೀನು ಕೂತಿರು. ಸೈಲೆನ್ಸರ್ ಬೇಡ. ಅವನು ಸುಮ್ನೆ ಕೂತ್ರೆ ನಂಗೆ ಯಾರೋ ಸತ್ತ ಹಾಗೆ ಆಗುತ್ತೆ. ನೀನು ವಟವಟ ಅಂತಿರು. ಏನಾದ್ರೂ ಪರವಾಗಿಲ್ಲ. ಸೋಫಾ ವಿಷಯ ಹೇಳು.”

“ಹೇಳ್ತೀನಿ ಅತ್ತೆ.”

“ನಂಬರ್ ಮಾತ್ರ ಬೇಡ.”

“ನಂಬರ್ ನಂಗೂ ಗೊತ್ತಿಲ್ಲ ಅತ್ತೆ.”

“ಗೊತ್ತು, ನಿಂಗೆ ಗೊತ್ತಿಲ್ಲ ಅಂತ. ಗೊತ್ತಿದ್ರೆ ಇಷ್ಟು ಹೊತ್ತಿಗೆ ಊರಿಗೆಲ್ಲ ಕೇಳಿಸಿರೋದು.” ನಕ್ಕರು. ಎಷ್ಟು ದಿನವಾಗಿತ್ತು ಆ ನಗು ಕೇಳಿ!

ಇವನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. “ಯಾರು, ಅಮ್ಮನಾ? ಏನಂದ್ರು? ಬರ್ತಾರಂತಾ? ಕೋಪ ಇದೆಯಾ ಇನ್ನೂ? ಊಟ ಸರಿಯಾಗಿ ಮಾಡ್ತಿದ್ದಾರಂತಾ? ಅಷ್ಟು ಹೊತ್ತು ಏನು ಮಾತಾಡಿದ್ರಿ?” ಇವನೇಕೋ ಇವತ್ತು ಭಾರಿ ಮಾತಾಡುತ್ತಿದ್ದ.

“ಬರ್ತಾರಂತೆ” ಎಂದೆ.

ಮಂಗಳವಾರ ಬರುತ್ತಾರೆ, ಬೆಳಗಿನ ಎಕ್ಸ್‌ಪ್ರೆಸ್ಸಿಗೆ.